ಹನಿ ಹಾಕುವವರು

ತಳಕಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅಂಗಡಿಯ ಬೋರ್ಡಿನ ಮೇಲೆ ‘ಇಲ್ಲಿ ಉಣ್ಣೆಗೆ ಔಷಧಿ ಸಿಗುತ್ತದೆ’ ಎಂದು ಬರೆದಿತ್ತು. ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಅದನ್ನು ಓದಿ, ತಮ್ಮ ಸ್ವೆಟರಿಗೆ ಹುಳ ಹಿಡಿದಿದೆ, ಏನಾದರೂ ಕೊಡಿ ಎಂದು ಒಳಗೆ ಬಂದಿದ್ದರಂತೆ. ಅವರ ಊರಿನಲ್ಲಿ ಉಣ್ಣೆ ಎಂದರೆ ಕುರಿಯ ಮೈಮೇಲಿನ ಕೂದಲು ಮಾತ್ರ. ನಮ್ಮ ಕಡೆ ಆ ಕೂದಲೊಳಗೆ ಕೂತು ರಕ್ತ ಕುಡಿಯುವ ಹುಳಕ್ಕೂ ಅದೇ ಹೆಸರು. ಅಂಗಡಿಯ ಸುಲೋಚನಮ್ಮ ಆ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮ ಸ್ವೆಟರ್ ಎಷ್ಟು ಹಾಲು ಕೊಡ್ತೈತ್ರಿ?” ಎಂದು ಕೇಳಿದ್ದಳಂತೆ. ಅವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವಳ ನಾಲಿಗೆ ಹಾಗೆ. ಆದರೆ ಅಂಗಡಿ ಬಿಟ್ಟರೆ ಆ ನಾಲಿಗೆಗೆ ಬೇರೆ ಕೆಲಸವೂ ಇರಲಿಲ್ಲ. ಗಂಡ ತಿಪ್ಪೇರುದ್ರಪ್ಪ ದನಕರುಗಳ ಔಷಧಿ, ಹಿಂಡಿ, ಹಗ್ಗ, ಮೂಗುದಾರ ಎಲ್ಲ ಇಟ್ಟು ಶುರುಮಾಡಿದ ಅಂಗಡಿ ಅದು. ಅವರು ಎದೆ ಹಿಡಿದುಕೊಂಡು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಅವಳ ಒಲೆ, ಹಾಸಿಗೆ, ಲಿಂಗಪೂಜೆಯ ಮಣೆ. ಹಿತ್ತಲಲ್ಲಿ ಒಂದು ಹಸು, ಕೆಂಪಿ ಎಂಬ ಅದರ ಕರು. ಸಂಜೆ ಬಳ್ಳಾರಿ ಕಡೆಯ ಬಸ್ಸು ಹೋದಮೇಲೆ ಬಾಗಿಲು ಎಳೆದರೆ, ಮರುದಿನ ಬಾಗಿಲು ತೆಗೆಯುವವರೆಗೆ ಅವಳು ಕರುವಿನ ಜೊತೆ ಬಿಟ್ಟು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಯಾರಾದರೂ ಬೇಜಾರಾಗಲ್ವಾ ಅಂದರೆ, “ಬೇಜಾರಾಗೋಕೆ ಪುರುಸೊತ್ತು ಬೇಕಲ್ಲ” ಎನ್ನುತ್ತಿದ್ದಳು.

ಆ ವರ್ಷ ತಳಕಿನ ದನದ ಆಸ್ಪತ್ರೆಗೆ ಸಿದ್ದಲಿಂಗೇಶ್ ಎಂಬ ಡಾಕ್ಟರು ಬಂದಿದ್ದರು. ಮೇಲಿನ ಓದು ಓದುತ್ತಿದ್ದ ಮನುಷ್ಯ. ಮಿಕ್ಕ ಡಾಕ್ಟರುಗಳು ಉಣ್ಣೆ ಸಾಯಿಸುತ್ತಿದ್ದರೆ ಇವರು ಸೀಸೆಯಲ್ಲಿ ಉಣ್ಣೆ ಸಾಕುತ್ತಿದ್ದರು. ಊರವರು ಅವರಿಗೆ ‘ಉಣ್ಣೆ ಡಾಕ್ಟ್ರು’ ಎಂದು ಹೆಸರಿಟ್ಟುಬಿಟ್ಟರು. ಅವರ ಪರೀಕ್ಷೆಗೆ ಉಣ್ಣೆ ಕಚ್ಚಿಸಿಕೊಂಡಿರದ ನಾಟಿ ಕರು ಬೇಕಿತ್ತು. ಬೇಕಂತಲೇ ಉಣ್ಣೆ ಹತ್ತಿಸಿಕೊಳ್ಳಲು ಯಾರು ಕರು ಕೊಡುತ್ತಾರೆ? ಕೊನೆಗೆ ಸುಲೋಚನಮ್ಮನೇ ಕೊಟ್ಟಳು. ಉಣ್ಣೆ ಪುಡಿ ಮಾರುವವಳ ಮನೆಯ ಕರುವಿನ ಮೈಮೇಲೆ ಒಂದು ಉಣ್ಣೆಯೂ ಹತ್ತಿರಲಿಲ್ಲ. ಏನು ಮಾಡಿದರೂ ತನ್ನ ಹಿತ್ತಲಲ್ಲೇ, ತನ್ನೆದುರಿಗೇ ಮಾಡಬೇಕು ಎಂದು ಷರತ್ತು ಹಾಕಿದಳು. ನಿಜ ಹೇಳಬೇಕೆಂದರೆ, ಆ ನೆಪದಲ್ಲಿ ದಿನಾ ಒಬ್ಬರು ಹಿತ್ತಲಿಗೆ ಬಂದು ಹೋಗುತ್ತಾರಲ್ಲ ಎಂಬ ಆಸೆಯೂ ಅವಳಿಗಿತ್ತು.

ಡಾಕ್ಟರು ಕೆಂಪಿಯ ಕಿವಿಗೆ ಬಟ್ಟೆಯ ಚೀಲ ತೊಡಿಸಿ, ಒಳಗೆ ಉಣ್ಣೆ ಬಿಟ್ಟು, ಚೀಲದ ಬಾಯಿಯನ್ನು ಅಂಟಿಸಿದರು. ಮೊದಲ ಸಲ ಉಣ್ಣೆಗಳು ಹೊಟ್ಟೆ ಬಿರಿಯ ಕುಡಿದು ಹರಳುಬೀಜದಂತೆ ಊದಿಕೊಂಡು ಉದುರಿದವು. ಸ್ವಲ್ಪ ದಿನ ಬಿಟ್ಟು ಎರಡನೆಯ ಸಲ ಬಿಟ್ಟಾಗ ಅರೆಹೊಟ್ಟೆಯಲ್ಲೇ ಬಿದ್ದವು. ಮೂರನೆಯ ಸಲ ಬಿಟ್ಟಾಗ ಕಿವಿ ಕೆಂಪಗೆ ಊದಿಕೊಂಡಿತು, ನೀರು ಒಸರಿತು, ಕರು ತಲೆ ಕೊಡವಿ ಕೊಡವಿ ಸುಸ್ತಾಯಿತು. ಸುಲೋಚನಮ್ಮ ಜಗಳಕ್ಕೇ ನಿಂತಳು.

“ಏನ್ರಿ ಡಾಕ್ಟ್ರೇ, ಬಾಯಿಲ್ಲದ ಜೀವದ ಕಿವಿ ಹಿಂಗ್ ಮಾಡಿದ್ದೀರಲ್ಲ!”

ಡಾಕ್ಟರು ಚೀಲ ಬಿಚ್ಚಿ ತೋರಿಸಿದರು. ಒಳಗೆ ಉಣ್ಣೆಗಳು ಒಣಗಿದ ಜೀರಿಗೆಯ ಹಾಗೆ ಬಿದ್ದಿದ್ದವು. ಅವರಿಗೆ ಖುಷಿ ತಡೆಯಲಾಗುತ್ತಿರಲಿಲ್ಲ.

“ನೋಡ್ರಿ ಅಮ್ಮಾರೆ, ಕೆಂಪಾಗಿ ಊದೈತಲ್ಲ, ಇದೇ ಬೇಕಾಗಿದ್ದು. ಮೈ ಕಲ್ತ್‌ಬಿಟ್ಟೈತೆ. ಮೊದ್ಲು ಕಚ್ಚಿದಾಗ ಕರುವಿಗೆ ಏನು ಅಂತಾನೇ ಗೊತ್ತಿರ್ಲಿಲ್ಲ. ಈಗ ಉಣ್ಣೆ ಬಾಯಿ ಇಟ್ಟ ತಕ್ಷಣ ಮೈಯೇ ತಿರುಗಿ ಬೀಳ್ತೈತೆ. ಅವಕ್ಕೆ ಒಂದು ತೊಟ್ಟು ರಕ್ತ ಸಿಗಲ್ಲ. ಈ ಉರಿ ಎರಡು ದಿನದಾಗೆ ಇಳೀತೈತೆ ಬಿಡ್ರಿ.”

ಹಾಗೆಯೇ ಇಳಿಯಿತು. ಕೆಂಪಿ ಹಿಂಡಿ ತಿಂದುಕೊಂಡು ಆರಾಮಾಗಿತ್ತು. ಸುಲೋಚನಮ್ಮನಿಗೆ ಆ ಮಾತು ತುಂಬ ಹಿಡಿಸಿತು. ರೊಟ್ಟಿ ಮುರಿಯುತ್ತ ಒಬ್ಬಳೇ ಕೂತಾಗ, ತನ್ನ ಮೈಯೂ ಹಾಗೇ ಕಲಿತಿದೆ ಅಂದುಕೊಂಡಳು. ಗಂಡ ಹೋದ ಹೊಸದರಲ್ಲಿ ಸಂಜೆಯ ಬಸ್ಸಿನ ಹಾರನ್ ಕೇಳಿದರೆ ಅವರು ಇಳಿದು ಬಂದಾರೆಂದು ಎದೆ ಹಾರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು. ಈಗ ಹಾರನ್ ಹಾರನ್ ಅಷ್ಟೇ. ಒಂಟಿತನ ಎಷ್ಟು ಕಚ್ಚಿದರೂ ಅದಕ್ಕೆ ತನ್ನ ಹತ್ತಿರ ಏನೂ ಸಿಗುವುದಿಲ್ಲ ಎಂದು ಅವಳಿಗೆ ಒಂದು ರೀತಿಯ ಜಂಬವೇ ಬಂದಿತು.

ಇಷ್ಟರಲ್ಲಿ ಕಣ್ಣಿನ ತಾಪತ್ರಯ ಶುರುವಾಗಿತ್ತು. ಅವಳ ಎಡಗಣ್ಣು ಚಿಕ್ಕವಳಿದ್ದಾಗಲೇ ಜಾಲಿಮುಳ್ಳು ಹೊಡೆದು ಹೋಗಿತ್ತು. ಬದುಕೆಲ್ಲ ನಡೆದದ್ದು ಬಲಗಣ್ಣೊಂದರ ಮೇಲೆ. ಅದಕ್ಕೂ ಪೊರೆ ಬಂದು, ಉಣ್ಣೆ ಪುಡಿಯ ಡಬ್ಬಿ ಯಾವುದು, ಹುಣ್ಣಿಗೆ ಹಚ್ಚುವ ಪುಡಿಯ ಡಬ್ಬಿ ಯಾವುದು ಎಂದು ಮೂಸಿ ನೋಡಿ ಕೊಡುವ ಹಾಗಾಯಿತು. ಈ ಕಣ್ಣು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಹಿರಿಯೂರಿನಲ್ಲಿರುವ ಮೈದುನನ ಮನೆಯೇ ಗತಿ. ಅಲ್ಲಿ ಪಡಸಾಲೆಯ ಮೂಲೆಯಲ್ಲಿ ಒಂದು ಮಂಚ ಹಾಕಿಕೊಡುತ್ತಾರೆ, ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಾರೆ, ಯಾರೂ ಕೆಟ್ಟವರಲ್ಲ. ಆದರೆ ಆ ಮಂಚ ನೆನೆಸಿಕೊಂಡರೆ ಸುಲೋಚನಮ್ಮ ನಡುರಾತ್ರಿಯಲ್ಲೂ ಎದ್ದು ಕೂರುತ್ತಿದ್ದಳು.

ಚಳ್ಳಕೆರೆಯಲ್ಲಿ ಶೈಲಜಾ ಎಂಬ ಕಣ್ಣಿನ ಡಾಕ್ಟರು ಪೊರೆ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯಿತು. ಕಳಿಸುವಾಗ ಡಾಕ್ಟರು ಹನಿಯ ಬಾಟಲಿ ಕೈಗಿಟ್ಟು ಎಲ್ಲ ಹೇಳಿದರು. ಕಣ್ಣಿಗೆ ನೀರು ತಾಗಿಸಬೇಡಿ, ತಲೆಗೆ ಸ್ನಾನ ಬೇಡ, ಉಜ್ಜಬೇಡಿ, ಹೊಗೆ ಧೂಳಿಗೆ ಹೋಗಬೇಡಿ.

“ಮನೇಲಿ ಹನಿ ಹಾಕೋರು ಯಾರಿದ್ದಾರೆ?” ಎಂದು ಕೇಳಿದರು.

“ಅದಾರೆ,” ಎಂದಳು ಸುಲೋಚನಮ್ಮ.

“ಯಾರು? ಮಗಳಾ, ಸೊಸೆನಾ?”

“ಅದಾರೆ ಬಿಡ್ರಿ, ಮನೆ ತುಂಬ ಅದಾರೆ.”

ಮನೆಗೆ ಬಂದು ಹಿಂಡಿ ಮೂಟೆಗಳ ಮೇಲೆ ಅಂಗಾತ ಮಲಗಿ ತಾನೇ ಹನಿ ಹಾಕಿಕೊಂಡಳು. ಒಂದು ಹನಿ ಕೆನ್ನೆಗೆ, ಒಂದು ಕಿವಿಗೆ, ಅದೃಷ್ಟ ಇದ್ದರೆ ಒಂದು ಕಣ್ಣಿಗೆ. ಒಂದು ಸಲವಂತೂ ಬಾಟಲಿಯ ತುದಿಯೇ ರೆಪ್ಪೆಗೆ ತಾಗಿ ಜೀವ ಬಾಯಿಗೆ ಬಂತು. ಗೋಡೆಯಾಚೆ ಮೋಟರು ರಿವೈಂಡಿಂಗ್ ಮಾಡುವ ರಿಹಾನನ ಮನೆ. ಅವನ ಹೆಂಡತಿ ಜೀನತ್ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕರೆದಿದ್ದರೆ ಬರುತ್ತಿದ್ದಳು. ಸುಲೋಚನಮ್ಮ ಕರೆಯಲಿಲ್ಲ. ಆ ಮನೆಯ ಕೋಳಿಗಳು ಹಿತ್ತಲಿಗೆ ನುಗ್ಗಿದಾಗ ಬೈಯುವುದು ಬಿಟ್ಟರೆ ಅವಳಿಗೂ ಜೀನತಳಿಗೂ ಹೆಚ್ಚು ಮಾತಿರಲಿಲ್ಲ.

ಆದರೂ ಕಣ್ಣು ಕಂಡಿತು. ಕಪ್ಪು ಕನ್ನಡಕ ಸರಿಸಿ ನೋಡಿದರೆ ಡಬ್ಬಿಗಳ ಮೇಲಿನ ಅಕ್ಷರಗಳು ಎದ್ದು ಕಾಣುತ್ತಿದ್ದವು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಕೋಣೆಯೊಳಗೆ ಬಂದು ನೋಡಿದಳು. ಗಂಡನ ಫೋಟೋದ ಮೇಲೆ ಜೇಡರ ಬಲೆ, ಎರಡನೆಯ ತಟ್ಟೆಯ ಮೇಲೆ ದಪ್ಪ ಧೂಳು, ಇಬ್ಬರು ಕೂರಲೆಂದು ತಂದ ಬೆಂಚಿನ ಒಂದೇ ಬದಿ ಸವೆದಿರುವುದು, ಎಲ್ಲ ಕಂಡಿತು. ಪೊರೆ ಇದ್ದಾಗ ಇದೊಂದೂ ಕಾಣುತ್ತಿರಲಿಲ್ಲ. ಅವಳು ಬೇಗ ಕನ್ನಡಕ ಹಾಕಿಕೊಂಡು, ಡಾಕ್ಟರು ಇನ್ನೂ ಕೆಲವು ದಿನ ಬೇಡವೆಂದಿದ್ದರೂ ಅಂಗಡಿಯ ಬಾಗಿಲು ತೆಗೆದಳು.

ಬಾಗಿಲು ತೆಗೆದಮೇಲೆ ಬೋಣಿಯಾಗಬೇಕು. ಬೆಳಗಿನ ಮೊದಲ ಗಿರಾಕಿ ಹೆಚ್ಚಾಗಿ ಕಾಮಣ್ಣ. ಬಿ.ಜಿ. ಕೆರೆಯ ಕಡೆಯಿಂದ ಕುರಿ ಹೊಡೆದುಕೊಂಡು ಬಂದು, ಆ ವರ್ಷ ತಳಕಿನ ಹೊಲಗಳಲ್ಲಿ ಮಂದೆ ಹಾಕಿಕೊಂಡಿದ್ದ. ಅವನ ಮಾತಿನಲ್ಲಿ ಅರ್ಧ ತೆಲುಗು. “ಏಮಮ್ಮಾ, ಕಣ್ಣು ಬಾಗಾ ಕಾಣ್ತೈತಾ?” ಎನ್ನುತ್ತ, ಕುರಿಯ ಮೈ ಸವರಿದ ಕೈಯಿಂದಲೇ ಸೊಂಟದ ಚೀಲದೊಳಗಿನ ನೋಟು ತೆಗೆದು ಕೊಡುತ್ತಿದ್ದ. ಸುಲೋಚನಮ್ಮ ಅದನ್ನು ತೆಗೆದುಕೊಂಡು, ಕನ್ನಡಕ ಹಣೆಗೆ ಸರಿಸಿ, ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದಳು. ಅಂಗಡಿ ಇಟ್ಟವರು ಯಾರು ತಾನೇ ಹಾಗೆ ಮಾಡುವುದಿಲ್ಲ? ತಿಪ್ಪೇರುದ್ರಪ್ಪ ಇದ್ದಾಗಲೂ ಅದೇ, ಆಮೇಲೂ ಅದೇ. ಉಸಿರಾಡುವುದನ್ನು ಹೇಗೆ ಗಮನಿಸುವುದಿಲ್ಲವೋ ಹಾಗೆ ಅವಳು ಅದನ್ನು ಗಮನಿಸುತ್ತಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಕಣ್ಣು ಕೆಂಪಾಯಿತು. ಮರುದಿನ ರೆಪ್ಪೆ ಊದಿಕೊಂಡು ನೀರಿಳಿಯಿತು. ಚಳ್ಳಕೆರೆಗೆ ಹೋಗೋಣವೇ ಎಂದು ಒಮ್ಮೆ ಅನ್ನಿಸಿತು. ಆದರೆ ಹಿತ್ತಲಿಗೆ ಹೋದಾಗ ಕೆಂಪಿ ಕಿವಿ ಆಡಿಸುತ್ತ ನಿಂತಿತ್ತು. ಆ ಕಿವಿಯೂ ಹೀಗೇ ಕೆಂಪಾಗಿ, ಹೀಗೇ ಊದಿ, ಹೀಗೇ ಒಸರಿತ್ತಲ್ಲ? ಡಾಕ್ಟರು ಅದನ್ನು ನೋಡಿ ಹಿಗ್ಗಿರಲಿಲ್ಲವೇ? ಕಣ್ಣಿಗೆ ಏನೋ ಹೊಕ್ಕಿದೆ, ಮೈ ಅದರ ಮೇಲೆ ತಿರುಗಿ ಬಿದ್ದಿದೆ, ಉರಿ ತಾನಾಗಿ ಇಳಿಯುತ್ತದೆ ಎಂದು ಸುಲೋಚನಮ್ಮ ಧೈರ್ಯ ತಂದುಕೊಂಡಳು. ನೋವು ಹೆಚ್ಚಿದಷ್ಟೂ ಮೈ ಚೆನ್ನಾಗಿ ಕಲಿಯುತ್ತಿದೆ ಅಂದುಕೊಂಡಳು. ಹಲ್ಲು ಕಚ್ಚಿಕೊಂಡು ಸಹಿಸಿದಳು. ಬಾಯಿಬಿಟ್ಟು ಹೇಳಲು ಪಕ್ಕದಲ್ಲಿ ಒಬ್ಬರಾದರೂ ಇದ್ದಿದ್ದರೆ ಇಂಥ ಹುಚ್ಚು ಲೆಕ್ಕಾಚಾರ ಒಂದು ಗಳಿಗೆಯೂ ಉಳಿಯುತ್ತಿರಲಿಲ್ಲ. ಒಬ್ಬರೇ ಇರುವವರ ತಲೆಯೊಳಗೆ ಮಾತ್ರ ಇಂಥವು ದಿನಗಟ್ಟಲೆ ಬಾಳುತ್ತವೆ.

ಪರೀಕ್ಷೆ ಮುಗಿದಮೇಲೆ ಅಪರೂಪಕ್ಕೆ ಬರುತ್ತಿದ್ದ ಸಿದ್ದಲಿಂಗೇಶ್ ಡಾಕ್ಟರು ಕರುವಿನ ಕಿವಿ ನೋಡಲು ಬಂದವರು ಅವಳ ಮುಖ ನೋಡಿ ಬೆಚ್ಚಿದರು. ರೆಪ್ಪೆಯ ಸಂದಿಯಲ್ಲಿ ಕೀವು ಕಾಣುತ್ತಿತ್ತು.

“ಇದೇನ್ರಿ ಅಮ್ಮಾರೆ ಇದು! ಯಾವತ್ತಿಂದ ಹಿಂಗೈತೆ?”

“ಗಾಬರಿ ಆಗಬ್ಯಾಡ್ರಿ. ಕಲೀತಾ ಐತೆ.”

“ಏನು ಕಲೀತಾ ಐತೆ?”

“ಕಣ್ಣು. ನಿಮ್ಮ ಕೆಂಪಿ ಕಿವಿ ಕಲ್ತಂಗೆ.”

ಎಂದೂ ದನಿ ಏರಿಸದ ಆ ಮನುಷ್ಯ ಕೂಗಿಯೇಬಿಟ್ಟರು. “ಬಾಗಲು ಹಾಕ್ರಿ ಮೊದ್ಲು! ಹತ್ರಿ ಗಾಡಿ!” ಅವಳು ಬಸ್ಸಿಗೆ ಬರುತ್ತೇನೆಂದಳು, ಅವರು ಕೇಳಲಿಲ್ಲ. ತಳಕಿನ ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ನೋಡುತ್ತಿರುವಾಗಲೇ, ಐವತ್ತು ದಾಟಿದ ಸುಲೋಚನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ದನದ ಡಾಕ್ಟರ ಮೋಟರ್ ಸೈಕಲ್ಲಿನ ಹಿಂದೆ ಒಂದು ಕಡೆಗೆ ಕಾಲು ಬಿಟ್ಟು ಕೂತು ಚಳ್ಳಕೆರೆಗೆ ಹೋದಳು.

ಶೈಲಜಾ ಡಾಕ್ಟರು ದೀಪ ಹಿಡಿದು ನೋಡಿದರು. ಎಷ್ಟು ಬೆರಳು ಎಂದು ಕೇಳಿದರು. ಸುಲೋಚನಮ್ಮನಿಗೆ ಕೈ ಆಡುವುದು ಕಂಡಿತು, ಬೆರಳು ಕಾಣಲಿಲ್ಲ. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

“ಆಪರೇಷನ್ ಆದ ಕಣ್ಣು ಹಸೀ ಗಾಯ ಇದ್ದಂಗೆ. ಕೀಟಾಣು ಒಳಗೆ ಹೋಗಿದೆ,” ಎಂದರು ಡಾಕ್ಟರು. “ನೋವು ಶುರುವಾದ ದಿನಾನೇ ಬರಬೇಕಿತ್ತು. ಯಾಕೆ ಬರಲಿಲ್ಲ?”

ಕರುವಿನ ಕಥೆಯನ್ನು ಸಿದ್ದಲಿಂಗೇಶರೇ ತಲೆ ತಗ್ಗಿಸಿಕೊಂಡು ಹೇಳಿದರು. ಶೈಲಜಾ ಡಾಕ್ಟರು ನಗಲಿಲ್ಲ.

“ಚರ್ಮಕ್ಕೆ ಕಲಿಯೋಕೆ ಟೈಮ್ ಇರುತ್ತೆ ಅಮ್ಮ. ಕಿವಿ ಸ್ವಲ್ಪ ಹಾಳಾದ್ರೂ ಕಿವಿನೇ. ಕಣ್ಣು ಹಂಗಲ್ಲ. ಅದು ಕಲಿಯೋದ್ರೊಳಗೆ ಹೋಗಿಬಿಡುತ್ತೆ.”

ಕಣ್ಣೊಳಗೇ ಸೂಜಿ ಚುಚ್ಚಿ ಔಷಧಿ ಹಾಕಿದರು. ಆಸ್ಪತ್ರೆಯಲ್ಲೇ ಇರಿಸಿಕೊಂಡು, ಗಂಟೆಗೊಮ್ಮೆ ಸಿಸ್ಟರ್ ಬಂದು ಹನಿ ಹಾಕಿದರು. ನೀರು ತಾಗಿತ್ತಾ, ಉಜ್ಜಿದಿರಾ, ಹೊಗೆ ಹೊಡೆಯಿತಾ ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. ಇಲ್ಲ ಇಲ್ಲ ಇಲ್ಲ ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಪಕ್ಕದ ಮಂಚಗಳ ಸುತ್ತ ಬುತ್ತಿ ಡಬ್ಬಿ, ಮೊಮ್ಮಕ್ಕಳು, ಗಲಾಟೆ. ಇವಳ ಮಂಚದ ಹತ್ತಿರ ಒಂದು ಸ್ಟೂಲು ಖಾಲಿ ಇತ್ತು. ಅದನ್ನು ಯಾರೋ ಕೇಳಿ ತೆಗೆದುಕೊಂಡು ಹೋದರು. ಕಟ್ಟಿದ ಕಣ್ಣಿನ ಒಳಗೆ ಅವಳು ಸದ್ದಿಲ್ಲದೆ ಅತ್ತಳು. ಅಳಬಾರದು, ಕಣ್ಣಿಗೆ ಕೆಟ್ಟದು ಎಂದು ಸಿಸ್ಟರ್ ಗದರಿದರು.

ಸೋಂಕು ಹಿಡಿತಕ್ಕೆ ಬಂದಮೇಲೆ ಮನೆಗೆ ಕಳಿಸುವ ಮಾತು ಬಂತು. ಹನಿ ಮಾತ್ರ ಹಗಲೆಲ್ಲ ಗಂಟೆಗೊಮ್ಮೆ ಬೀಳಲೇಬೇಕು, ಇನ್ನೊಂದು ಸಲ ಕೀವಾದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಶೈಲಜಾ ಡಾಕ್ಟರು.

“ಮನೇಲಿ ಹನಿ ಹಾಕೋರು ಯಾರಿದ್ದಾರೆ?”

ಅದೇ ಪ್ರಶ್ನೆ. ಅಷ್ಟು ದಿನ ಹಸು ಕರು ನೋಡಿಕೊಂಡು, ಈಗ ಕರೆದೊಯ್ಯಲು ಬಂದಿದ್ದ ಸಿದ್ದಲಿಂಗೇಶರು ಬಾಗಿಲಲ್ಲೇ ನಿಂತಿದ್ದರು. ಅದಾರೆ ಎನ್ನಲು ನಾಲಿಗೆ ಹೊರಳಲಿಲ್ಲ.

“ಯಾರೂ ಇಲ್ರಿ,” ಎಂದಳು ಸುಲೋಚನಮ್ಮ. ಆ ಮಾತನ್ನು ಅವಳು ಗಂಡ ಸತ್ತಮೇಲೆ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ತಳಕಿಗೆ ಬಂದು ಇಳಿದಾಗ, “ಪಕ್ಕದ ಮನೆ ಜೀನತಮ್ಮಗೆ ನಾನು ಹೇಳ್ತೀನಿ ಬಿಡ್ರಿ” ಎಂದರು ಸಿದ್ದಲಿಂಗೇಶ್.

“ಬ್ಯಾಡ್ರಿ. ಹೋಗಿರೋದು ಕಣ್ಣು, ಬಾಯಲ್ಲ. ನಾನೇ ಕೇಳ್ತೀನಿ.”

ಕೇಳುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಗೋಡೆ ಹಿಡಿದುಕೊಂಡು ಜೀನತಳ ಬಾಗಿಲಿಗೆ ಹೋಗಿ, “ನಿಮ್ಮ ಕೋಳಿ ನಮ್ಮ ಹಿತ್ತಲು ಕೆರೀತಾವೆ” ಎಂದು ಹೇಳಿ ತಿರುಗಿ ಬಂದಳು. ತನ್ನ ಮೇಲೆ ತನಗೇ ಸಿಟ್ಟು ಬಂತು. ಮತ್ತೆ ಹೋಗಿ, “ಕೋಳಿ ಕಟ್ಟಿ ಹಾಕ್ಕೊಳ್ಳಿ” ಎಂದು ಬಂದಳು. ಹನಿಯ ಹೊತ್ತು ಮೀರುತ್ತಿತ್ತು. ಮೂರನೆಯ ಸಲ ಹೋದಾಗ ಬಾಗಿಲಲ್ಲೇ ನಿಂತು ಬಿಟ್ಟಳು. ಸೆರಗಿನಲ್ಲಿ ಮುಚ್ಚಿಟ್ಟಿದ್ದ ಬಾಟಲಿಯನ್ನು ಮುಂದೆ ಹಿಡಿದಳು.

“ನನ್ನ ಕಣ್ಣಿಗೆ ಇದನ್ನ ಹಾಕ್ತೀಯೇನವ್ವ? ನನ್ನ ಕೈಲಿ ಆಗಂಗಿಲ್ಲ.”

ಜೀನತ್ ನಕ್ಕುಬಿಟ್ಟಳು.

“ಅಷ್ಟೇನಾ ಅಮ್ಮಾ? ಕೋಳಿ ಜಗಳಕ್ಕೆ ಬಂದ್ರಿ ಅಂತ ನಾನು ಸೆರಗು ಸಿಗಿಸ್ಕೊಂಡು ತಯಾರಾಗಿದ್ದೆ! ಬನ್ನಿ, ಕೂತ್ಕೊಳ್ಳಿ. ಕೈ ತೊಳ್ಕೊಂಡ್ ಬರ್ತೀನಿ.”

ಸೋಪು ಹಚ್ಚಿ ತೊಳೆದ ಕೈ ತಣ್ಣಗಿತ್ತು. ಜೀನತ್ ಎಡಗೈಯನ್ನು ಸುಲೋಚನಮ್ಮನ ಹಣೆಯ ಮೇಲೆ ಇಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಬೆರಳಿನಿಂದ ಕೆಳರೆಪ್ಪೆ ಎಳೆದು, ಉಸಿರು ಬಿಗಿಹಿಡಿದು ಒಂದೇ ಒಂದು ಹನಿ ಬಿಟ್ಟಳು. ಸರಿಯಾಗಿ ಕಣ್ಣೊಳಗೇ ಬಿತ್ತು. “ತೆಗೀಬೇಡಿ, ಮುಚ್ಕೊಂಡಿರಿ” ಎಂದು ಸ್ವಲ್ಪ ಹೊತ್ತು ಹಣೆಯ ಮೇಲೆ ಕೈ ಹಾಗೇ ಇಟ್ಟುಕೊಂಡಳು. ಆಸ್ಪತ್ರೆಯ ಸಿಸ್ಟರದು ಕೆಲಸದ ಕೈ. ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಹೀಗೆ ತನ್ನ ಮುಖವನ್ನು ಇನ್ನೊಬ್ಬರು ಹಿಡಿದುಕೊಂಡು ಎಷ್ಟು ವರ್ಷವಾಯಿತು ಎಂದು ಸುಲೋಚನಮ್ಮ ಯೋಚಿಸಿದಳು. ನೆನಪಾಗಲಿಲ್ಲ.

ಅಂದಿನಿಂದ ಜೀನತ್ ಗಂಟೆಗೊಮ್ಮೆ ಬಂದಳು. ಹಿಟ್ಟು ನಾದುತ್ತಿದ್ದರೆ ಬಿಟ್ಟು, ಕೈ ತೊಳೆದು ಬಂದಳು. ಮೋಟರಿನ ಗಿರಾಕಿಗಳು, ರಿಹಾನ ಸಾಲ ಹೇಳಿ ಸೇದುವ ಬೀಡಿ, ಮೊಳಕಾಲ್ಮೂರಿನಲ್ಲಿರುವ ತವರುಮನೆ, ಅಲ್ಲಿನ ಮಗ್ಗದ ಸದ್ದಿಲ್ಲದೆ ತನಗೆ ಮೊದಮೊದಲು ಇಲ್ಲಿ ನಿದ್ದೆಯೇ ಬರದಿದ್ದುದು, ಹೀಗೆ ಹನಿಗೊಂದು ಸುದ್ದಿ ಹೇಳಿ ಹೋಗುತ್ತಿದ್ದಳು. ಸುಲೋಚನಮ್ಮ ಬೈಯುವ ನೆಪದಲ್ಲಿ ಅವಳನ್ನು ಇನ್ನೊಂದು ಮಾತಿಗೆ ನಿಲ್ಲಿಸಿಕೊಳ್ಳುತ್ತಿದ್ದಳು. ಕಣ್ಣಿನ ಕೆಂಪು ನಿಧಾನಕ್ಕೆ ಇಳಿಯಿತು. ಬೆರಳು ಕಾಣತೊಡಗಿದವು, ಆಮೇಲೆ ಬೆರಳಿನ ಉಂಗುರ.

ಒಂದು ಬೆಳಿಗ್ಗೆ, ಮುಚ್ಚಿದ ಅಂಗಡಿಯ ಮುಂದೆ ಕಾಮಣ್ಣ ಬಂದು ಕೂಗು ಹಾಕಿದ. ಕುರಿಗಳಿಗೆ ಉಣ್ಣೆ ಬಿದ್ದು ಪ್ರಾಣ ತಿನ್ನುತ್ತಿವೆ, ಒಂದು ಪೊಟ್ಟಣ ಪುಡಿ ಕೊಡಮ್ಮಾ ಎಂದ. ಹನಿ ಹಾಕಲು ಬಂದಿದ್ದ ಜೀನತಳೇ ಪುಡಿ ತೆಗೆದುಕೊಟ್ಟಳು. ಕಾಮಣ್ಣ ನೋಟನ್ನು ಸುಲೋಚನಮ್ಮನ ಕೈಗೆ ಇಟ್ಟ. ಅವಳ ಇನ್ನೊಂದು ಕೈ ತಾನಾಗಿ ಹೋಗಿ ಕನ್ನಡಕ ಮೇಲೆ ಸರಿಸಿತು. ನೋಟು ಎಡಗಣ್ಣಿಗೆ ಮುಟ್ಟಿತು. ಬಲಗಣ್ಣಿನ ಹತ್ತಿರ ಬರುವಷ್ಟರಲ್ಲಿ ಜೀನತ್ ಹಾರಿ ಬಂದು ಮಣಿಕಟ್ಟು ಹಿಡಿದಳು. ಬಳೆಗೆ ಬಳೆ ಬಡಿಯಿತು.

“ಯಾ ಅಲ್ಲಾ! ಏನ್ ಮಾಡ್ತಿದೀರಿ ಅಮ್ಮಾ?”

“ಏನ್ ಮಾಡ್ತಿದೀನಿ? ಬೋಣಿ ಕಣೇ.”

“ದಿನಾ ಹಿಂಗೇ ಒತ್ಕೊಂತೀರಾ? ಆಪರೇಷನ್ ಆದ್ಮೇಲೂನಾ?”

ಸುಲೋಚನಮ್ಮ ತನ್ನ ಕೈಯಲ್ಲಿದ್ದ ನೋಟು ನೋಡಿದಳು. ಕುರಿಯ ಜಿಡ್ಡು, ಗೊಬ್ಬರದ ಧೂಳು, ಎಷ್ಟೋ ಜನರ ಬೆವರು. ನೀರು ತಾಗಿಸಿರಲಿಲ್ಲ. ಉಜ್ಜಿರಲಿಲ್ಲ. ಇದನ್ನು ಮಾತ್ರ ದಿನವೂ ಭಕ್ತಿಯಿಂದ ಹಸೀ ಗಾಯಕ್ಕೆ ಒತ್ತಿದ್ದಳು. ಅಂಗಡಿ ಉಳಿಯಲಿ ಎಂದು ಒತ್ತಿಕೊಂಡ ಲಕ್ಷ್ಮಿಯೇ ಅಂಗಡಿಯನ್ನು ಮುಚ್ಚಿಸುತ್ತಿದ್ದಳಲ್ಲ ಎಂದು ಅವಳಿಗೆ ಮೊದಲು ನಗು ಬಂತು. ಆಮೇಲೆ ನೋಟನ್ನು ದೂರಕ್ಕೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಕಾಮಣ್ಣ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ, “ನಾನೇಮಿ ಮಾಡ್ದೆನಮ್ಮಾ?” ಎಂದು ಕೇಳುತ್ತಲೇ ಇದ್ದ.

“ಬೇಕಂದ್ರೆ ನಿಮ್ ಬದ್ಲು ನಾನು ಒತ್ಕೊಂತೀನಿ,” ಎಂದಳು ಜೀನತ್.

“ಬ್ಯಾಡ ಮಾರಾಯ್ತಿ, ಆಮೇಲೆ ನಿನ್ನ ಕಣ್ಣಿಗೆ ಹನಿ ಹಾಕೋರು ಯಾರು? ಗಲ್ಲಾದಾಗೆ ಹಾಕಿ ಕೈ ತೊಳ್ಕೊ ನಡಿ.”

ಮುಂದಿನ ಸಲ ಚಳ್ಳಕೆರೆಗೆ ಹೋದಾಗ ಅವಳು ಇದನ್ನು ಶೈಲಜಾ ಡಾಕ್ಟರಿಗೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, ತಾವು ಅದನ್ನು ಎಂದೂ ಯಾರನ್ನೂ ಕೇಳಿರಲಿಲ್ಲ ಎಂದರು. ಹೊರಗೆ ಕೂತಿದ್ದಾಗ ಸುಲೋಚನಮ್ಮನಿಗೆ ಒಳಗಿನಿಂದ ಅವರ ದನಿ ಕೇಳಿಸಿತು. ಶೇಂಗಾ ಮಂಡಿಯ ಯಾರೋ ಸಾಹುಕಾರರಿಗೆ, “ನೀರು ತಾಗಿಸಬೇಡಿ, ಉಜ್ಜಬೇಡಿ, ಬೋಣಿ ದುಡ್ಡು ಕಣ್ಣಿಗೆ ಒತ್ಕೋಬೇಡಿ” ಎಂದು ಹೇಳುತ್ತಿದ್ದರು.

ಕೊನೆಯ ಸಲ ನೋಡಿದ ದಿನ ಶೈಲಜಾ ಡಾಕ್ಟರ ಮುಖದಲ್ಲಿ ನಗು ಇತ್ತು.

“ಮೊದಲಿನಷ್ಟು ಚುರುಕು ಬರಲ್ಲ ಅಮ್ಮ. ಆದ್ರೆ ಕಣ್ಣು ಉಳೀತು. ಅಂಗಡಿ ನಡೆಸೋಕೆ ಸಾಕು. ಹನಿ ಇನ್ನು ಬೇಡ, ಇವತ್ತಿಗೆ ನಿಲ್ಲಿಸಿಬಿಡಿ.”

ಸುಲೋಚನಮ್ಮ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಶೇಂಗಾ ಹೊಲ, ಕಲ್ಲುಗುಡ್ಡ, ರಸ್ತೆ ಪಕ್ಕದ ಬೋರ್ಡು, ಕಂಡಿದ್ದನ್ನೆಲ್ಲ ನೋಡಿದಳು. ದೊಡ್ಡ ಅಕ್ಷರಗಳನ್ನು ಬಾಯಿಬಿಟ್ಟು ಓದಿದಳು. ಪಕ್ಕದಲ್ಲಿ ಕೂತಿದ್ದ ಹುಡುಗಿ ನಕ್ಕರೂ ಬಿಡಲಿಲ್ಲ. ಹಿರಿಯೂರಿನ ಮಂಚ ಇನ್ನು ಅವಳಿಗೆ ಬೇಕಾಗಿರಲಿಲ್ಲ. ಗೆದ್ದಿದ್ದಳು.

ತಳಕು ಹತ್ತಿರ ಬಂದಂತೆ ಮನಸ್ಸು ಇಳಿಯಿತು. ಯಾಕೆಂದು ಮೊದಲು ತಿಳಿಯಲಿಲ್ಲ. ಇಳಿದು ಬಾಗಿಲು ತೆಗೆದು, ಕೆಂಪಿಗೆ ನೀರಿಟ್ಟು, ಬೆಂಚಿನ ಮೇಲೆ ಕೂತಮೇಲೆ ತಿಳಿಯಿತು. ಹನಿ ನಿಂತಿತು ಎಂದರೆ ಜೀನತ್ ಬರುವುದೂ ನಿಂತಿತು. ನಾಳೆಯಿಂದ ಮತ್ತೆ ಗೋಡೆಯಾಚೆ ಪಾತ್ರೆಯ ಸದ್ದು, ಈಚೆ ಇವಳು. ಯಾವ ಒಂಟಿತನಕ್ಕೆ ತನ್ನ ಮೈ ಒಗ್ಗಿದೆ ಎಂದು ಅವಳು ಜಂಬ ಪಟ್ಟಿದ್ದಳೋ ಅದು ಈಗ ಹೊಸದಾಗಿ ಕಚ್ಚಿದಂತೆ ನೋಯುತ್ತಿತ್ತು. ಏನೂ ಕಲಿತಿರಲಿಲ್ಲ ಮೈ. ಸುಮ್ಮನೆ ಮರಗಟ್ಟಿತ್ತು, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಜೀನತ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

“ಡಾಕ್ಟ್ರಮ್ಮ ಏನಂದ್ರು ಅಮ್ಮಾ?”

ಸುಲೋಚನಮ್ಮ ಬಾಯಿ ತೆರೆದಳು. ಹೇಳಬೇಕಾದ್ದು ಒಂದೇ ಮಾತು, ಅದೂ ಒಳ್ಳೆಯ ಸುದ್ದಿ.

“ಇನ್ನೂ ಸ್ವಲ್ಪ ದಿನ ಹಾಕ್ಬೇಕಂತೆ ಕಣವ್ವ,” ಎಂದಳು.

ಜೀನತ್ ಗೋಡೆಯ ಗೂಡಿನಿಂದ ಬಾಟಲಿ ತೆಗೆದುಕೊಂಡಳು. ದೀಪಕ್ಕೆ ಹಿಡಿದು ನೋಡಿದಳು. ಒಮ್ಮೆ ಅಲ್ಲಾಡಿಸಿದಳು. ಸುಲೋಚನಮ್ಮನಿಗೆ ಆಗ ನೆನಪಾಯಿತು: ಬೆಳಿಗ್ಗೆ ಬಿದ್ದದ್ದೇ ಕೊನೆಯ ಹನಿ. ಹೊಸ ಬಾಟಲಿ ಅವಳು ತಂದಿರಲಿಲ್ಲ. ನಾಚಿಕೆಯಿಂದ ಎದ್ದು ಒಳಗೆ ಹೋಗಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಹಣೆಯ ಮೇಲೆ ಆ ತಣ್ಣನೆಯ ಕೈ ಬಂದು ಕೂತಿತು. ತಲೆ ಹಿಂದಕ್ಕೆ ಬಾಗಿತು. ಬೆರಳು ರೆಪ್ಪೆಯನ್ನು ಎಳೆದು ಹಿಡಿಯಿತು. ಬಾಟಲಿ ಒತ್ತಿದ ಸದ್ದು ಕೇಳಿತು, ಕಣ್ಣಿಗೆ ಸ್ವಲ್ಪ ಗಾಳಿ ತಾಗಿತು. ಏನೂ ಬೀಳಲಿಲ್ಲ.

“ಬಿತ್ತೇನಮ್ಮಾ?”

“ಬಿತ್ತು ಕಣವ್ವ.”

“ಹಂಗಾದ್ರೆ ಮುಚ್ಕೊಂಡಿರಿ,” ಎಂದಳು ಜೀನತ್. ಬಾಟಲಿಯನ್ನು ಬೆಂಚಿನ ಮೇಲಿಟ್ಟು, ಹಣೆಯ ಮೇಲಿನ ಕೈ ತೆಗೆಯದೆ, ಮೊಳಕಾಲ್ಮೂರಿನ ತವರುಮನೆಯ ಇನ್ನೊಂದು ಸುದ್ದಿ ಶುರುಮಾಡಿದಳು.